ದಿಲ್ಲಿಗೆ ಮುಂಚೆ ಗೋಪಾಲಸ್ವಾಮಿ ಬೆಟ್ಟ

ನಾನು ಮದುವೆಯಾಗಿ ಚಾಮರಾಜನಗರಕ್ಕೆ ಬಂದ ಎರಡನೆಯ ವರ್ಷ. ಒಂದು ಮಧ್ಯಾಹ್ನ ಊಟಕ್ಕೆ ಕುಳಿತ ನಮ್ಮ ಮಾವನವರು, ಸಾರಿಗೆ ಉಪ್ಪು ಸಾಲದು ಎನ್ನುವಷ್ಟೇ ಸಲೀಸಾಗಿ, “ಈ ವರ್ಷ ಎಲ್ರೂವೆ ದಿಲ್ಲಿಗೆ ಹೋಗನ” ಎಂದರು.

ಅತ್ತೆ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತರು. “ದಿಲ್ಲಿಲಿ ಯಾರವ್ರೆ?”

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನೆಂಟರಿಲ್ಲದ ಊರಿಗೆ ನಮ್ಮ ಮನೆಯವರು ಅದುವರೆಗೆ ಹೋದದ್ದೇ ಇಲ್ಲ. ಮದುವೆಗೆ ಹೋಗುತ್ತಿದ್ದರು, ಸಾವಿಗೆ ಹೋಗುತ್ತಿದ್ದರು, ಹೆಣ್ಣು ನೋಡಲು ಹೋಗುತ್ತಿದ್ದರು. ಕೆಲಸವಿದ್ದರೆ ಸಂತೆಮರಹಳ್ಳಿ ಸಂತೆ. ಸುಮ್ಮನೆ ನೋಡಿಕೊಂಡು ಬರುವುದಕ್ಕೆ ಮನೆಗೆ ಬೀಗ ಹಾಕುವುದೆಂದರೆ ಏನೆಂದು ಅತ್ತೆಗೆ ತಿಳಿಯಲಿಲ್ಲ.

“ಯಾರೂ ಇಲ್ಲ. ಕೋಟೆ ಅದೆ,” ಎಂದರು ಮಾವನವರು.

“ಕೋಟೆ ಕಟ್ಕಂಡು ನಾವೇನ್ ಮಾಡವು?”

“ನೋಡದು ಕಣೆ. ಇಷ್ಟು ದಿನ ಪರದೇಶದೋರು ಇಟ್ಕಂಡಿದ್ರು. ಈಗ ನಮ್ದಾಗದೆ. ನಮ್ದ ನಾವು ಒಂದ್ಸಲ ನೋಡ್ಬೇಡ್ವಾ?”

ಮಾವನವರದು ಅರಿಸಿನ, ಬೆಲ್ಲದ ವ್ಯಾಪಾರ. ಹರದನಹಳ್ಳಿ ಕಡೆ ಹೊಲವಿತ್ತು. ಹೊಸದಾಗಿ ಹೊಲ ಕೊಂಡರೆ ಅದರ ಬದುವಿನ ಮೇಲೆ ಒಂದು ಸುತ್ತು ನಡೆದು ಬರಬೇಕು, ಆಗಲೇ ಅದು ನಮ್ಮದಾಗುವುದು ಎಂಬುದು ಅವರ ನಂಬಿಕೆ. ಸ್ವಾತಂತ್ರ್ಯ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಇನ್ನೂ ಬದು ಸುತ್ತಿಲ್ಲವಲ್ಲ ಎಂಬುದು ಅವರನ್ನು ಒಳಗೊಳಗೇ ಕೊರೆಯುತ್ತಿತ್ತೆಂದು ಕಾಣುತ್ತದೆ.

ನನ್ನ ಗಂಡ ಊರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರು. ತಂದೆಯ ಅಪ್ಪಣೆಯಂತೆ ಮರುದಿನವೇ ಶಾಲೆಯಿಂದ ಇಂಡಿಯಾದ ದೊಡ್ಡ ಭೂಪಟವೊಂದನ್ನು ಸುತ್ತಿ ತಂದು ಪಡಸಾಲೆಯಲ್ಲಿ ಅರಿಸಿನದ ಮೂಟೆಗಳ ಮೇಲೆ ನೇತುಹಾಕಿದರು. ಮಾವನವರು ಕನ್ನಡಕ ಹಾಕಿಕೊಂಡು ಅದರ ಮುಂದೆ ನಿಂತು ಮೊದಲು ಹುಡುಕಿದ್ದು ದಿಲ್ಲಿಯನ್ನಲ್ಲ.

“ನಮ್ಮೂರು ಎಲ್ಲದ್ಲಾ?”

“ಇದ್ರಲ್ಲಿ ಹಾಕಿಲ್ಲಪ್ಪ. ಚಿಕ್ಕ ಊರು.”

“ರೈಲು ಬತ್ತದೆ, ತಾಲ್ಲೂಕು ಕಚೇರಿ ಅದೆ. ಚಿಕ್ಕ ಊರಾ?”

ಎಲ್ಲಿಂದ ಹೊರಡುತ್ತೇವೆ ಎಂಬುದೇ ಗೊತ್ತಿಲ್ಲದೆ ಎಲ್ಲಿಗೆ ಹೋಗುವುದು ಎಂದುಕೊಂಡು ಅವರು ಒಳಗಿನಿಂದ ಅರಿಸಿನದ ಬಟ್ಟಲು ತರಿಸಿದರು. ಹೆಬ್ಬೆರಳನ್ನು ಅದ್ದಿ ಮೈಸೂರಿನ ಕೆಳಗೆ ಒತ್ತಿದರು. ಅವರದು ರೈತನ ಹೆಬ್ಬೆರಳು. ಚಾಮರಾಜನಗರದ ಜೊತೆಗೆ ಗುಂಡ್ಲುಪೇಟೆ, ನಂಜನಗೂಡು, ನೀಲಗಿರಿಯ ಅರ್ಧ ಎಲ್ಲವೂ ಹಳದಿಯಾದವು. ನನ್ನ ಗಂಡ ಆ ಕಲೆಯನ್ನು ಉಜ್ಜಿ ತೆಗೆಯಲು ಪಟ್ಟ ಪಾಡು ಹೇಳತೀರದು. ಕೊನೆಗೆ ಹಾಗೇ ಶಾಲೆಗೆ ಒಯ್ದು ಕೊಟ್ಟರು. ಮೈಸೂರಿನ ಕೆಳಗೆ ಒಂದು ಮರುಭೂಮಿ ಇದೆ ಎಂದು ಹುಡುಗನೊಬ್ಬ ತರಗತಿಯಲ್ಲಿ ಉತ್ತರ ಹೇಳಿದನಂತೆ.

ಅತ್ತೆಯೂ ಒಂದು ದಿನ ಭೂಪಟದ ಮುಂದೆ ನಿಂತು ಮೈಸೂರಿನಿಂದ ದಿಲ್ಲಿಗೆ ಕೈಯಿಟ್ಟು ಅಳೆದರು. “ಒಂದು ಗೇಣು ಅದೆ. ಇಷ್ಟಕ್ಕೆ ಅಷ್ಟೊಂದು ದಿನ ರೈಲಲ್ಲಿ ಕುಂತಿರ್ಬೇಕಾ?” ಎಂದು ಕೇಳಿ ಒಳಗೆ ಹೋದರು.

ಸಲಹೆಗೆಂದು ಮಾವನವರು ಕರೆಸಿಕೊಂಡದ್ದು ಗುಂಡ್ಲುಪೇಟೆ ಮಾವನನ್ನು. ಅವರು ಮಾವನವರ ಅಕ್ಕನ ಗಂಡ. ಅಕ್ಕ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ತೆಳ್ಳನೆಯ ಮನುಷ್ಯ. ಯಾರ ಮನೆಗೆ ಹೋದರೂ ಬಾಗಿಲ ಹತ್ತಿರವೇ ಕೂರುವ ಸ್ವಭಾವ. ಆದರೆ ಅವರು ಹಿಂದೊಮ್ಮೆ ಗುಂಡ್ಲುಪೇಟೆಯ ದೊಡ್ಡ ಕುಳಗಳ ಜೊತೆ ಉತ್ತರ ಇಂಡಿಯಾವನ್ನೆಲ್ಲ ಸುತ್ತಿ ಬಂದಿದ್ದರು. ನಮ್ಮ ಕಡೆ ಅಂಥವರು ಬೆರಳೆಣಿಕೆಯಷ್ಟು. ಅಲ್ಲಿಂದೀಚೆಗೆ ಮದುವೆ ಮನೆಗಳಲ್ಲಿ ಅವರನ್ನು ಬಾಗಿಲ ಹತ್ತಿರ ಕೂರಲು ಯಾರೂ ಬಿಡುತ್ತಿರಲಿಲ್ಲ. ನಡುಮನೆಗೆ ಕರೆದು, ದಿಂಬು ಕೊಟ್ಟು, “ಆಗ್ರಾ ಕತೆ ಹೇಳಿ” ಎನ್ನುತ್ತಿದ್ದರು.

ಅವರು ಬಂದಾಗಲೆಲ್ಲ ನಮ್ಮ ಜಗಲಿಯ ಮೇಲೆ ಸಭೆ ಸೇರುತ್ತಿತ್ತು. ಮಾವನವರು ಊರುಗಳ ಹೆಸರು ಹೇಳುವುದು, ಗುಂಡ್ಲುಪೇಟೆ ಮಾವ ಅದರ ವಿವರ ಕೊಡುವುದು.

“ಝಾನ್ಸಿ ಹೆಂಗದೆ ಭಾವ?”

“ಝಾನ್ಸಿಲಿ ಕುಡಿಯೋ ನೀರು ಚೆಂದಾಗದೆ ಕಣಪ್ಪ. ನಲ್ಲಿ ಇರದು ಬೇವಿನ ಮರದ ಪಕ್ಕ. ರೈಲು ನಿಂತೇಟ್ಗೆ ಓಗ್ಬೇಕು, ಇಲ್ದಿದ್ರೆ ರಷ್ಷಾಗ್ಬುಡ್ತದೆ.”

“ಕೋಟೆ?”

“ಕೋಟೆಯೂ ಅದೆ, ಅದೆ. ದೊಡ್ಡ ಕೋಟೆ.”

“ದಿಲ್ಲಿ?”

“ದಿಲ್ಲಿಲಿ ಚಳಿ. ಸಿಮೆಂಟ್ ಬೆಂಚಿನ ಮೇಲೆ ಕುಂತ್ಕಬಾರ್ದು, ಮರದ ಬೆಂಚು ನೋಡಿ ಕುಂತ್ಕಬೇಕು. ಗೋಡೆ ಕಡೆ ಕುಂತ್ರೆ ಗಾಳಿ ಬಡಿಯಲ್ಲ.”

ಮಾವನವರು ತಲೆದೂಗುತ್ತಿದ್ದರು. ತಾಜಮಹಲಿನ ವರ್ಣನೆ ಮಾತ್ರ ಸಭೆಯಿಂದ ಸಭೆಗೆ ಬದಲಾಗುತ್ತಿತ್ತು. ಒಂದು ಸಲ ಹಾಲಿನಂತೆ ಬೆಳ್ಳಗಿತ್ತು. ಇನ್ನೊಂದು ಸಲ ಬೆಣ್ಣೆಯಂತೆ ಹಳದಿ. ಮತ್ತೊಂದು ಸಲ ಅದರ ಒಳಗೇ ನದಿ ಹರಿಯುತ್ತಿತ್ತು. ಬೆಳಗಿನ ಹೊತ್ತು ಒಂದು ಬಣ್ಣ, ಸಂಜೆ ಒಂದು ಬಣ್ಣವಿರಬಹುದೆಂದು ನಾನು ಅಂದುಕೊಂಡೆ. ನದಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಅನುಮಾನ ಬಂತು.

ನನಗೂ ಆ ಸಭೆಯಲ್ಲಿ ಒಂದು ಸ್ಥಾನವಿತ್ತು. ತೌರೂರಾದ ನಂಜನಗೂಡಿನಲ್ಲಿ ನಾನು ಹಿಂದಿಯ ಎರಡು ಪರೀಕ್ಷೆ ಪಾಸು ಮಾಡಿದ್ದೆ. ಆದ್ದರಿಂದ ದುಭಾಷಿ ನಾನೇ ಎಂದು ತೀರ್ಮಾನವಾಯಿತು. ಸಂಜೆ ಹೊತ್ತು ಎಲ್ಲರಿಗೂ ಪಾಠ. ಮಾವನವರು ಒಂದು ವಾಕ್ಯ ಕಲಿತರೆ ಅದನ್ನು ಇಡೀ ದಿನ ಬಳಸುತ್ತಿದ್ದರು. ಮಂಡಿಯಲ್ಲಿ ಮೂಟೆ ಹೊರುವವರನ್ನು “ಆಪ್ ಕೈಸೇ ಹೈ” ಎಂದು ಕ್ಷೇಮ ವಿಚಾರಿಸಿ, ಅವರು ಬೆಪ್ಪಾಗಿ ನಿಂತು, ಬಂಡಿಗೆ ಮೂಟೆ ಏರುವುದು ತಡವಾಗುತ್ತಿತ್ತು. ಅತ್ತೆ ಕಲಿಯಲೊಪ್ಪಿದ್ದು ‘ಪಾನಿ’ ಎಂಬ ಒಂದು ಮಾತನ್ನು. “ಮಿಕ್ಕಿದ್ದ ಕೈ ಸನ್ನೆಲಿ ಹೇಳ್ತಿನಿ ಬುಡು,” ಎಂದುಬಿಟ್ಟರು.

ಗುಂಡ್ಲುಪೇಟೆ ಮಾವನಿಗೆ ಮಾತ್ರ ಹಿಂದಿ ಆಗಲೇ ಬರುತ್ತಿತ್ತು. ಬರುತ್ತಿದ್ದುದನ್ನು ಗಟ್ಟಿಯಾಗಿ, ಹೆದರಿಕೆಯಿಲ್ಲದೆ ಆಡುತ್ತಿದ್ದರು. “ಯೇ ಹಮಾರಾ ಹೈ.” “ಹಾಥ್ ಮತ್ ಲಗಾವ್.” “ಕುಲಿ ನಹೀ ಚಾಹಿಯೇ.” “ಹಟೋ, ಹಟೋ.” ಅಷ್ಟು ದೊಡ್ಡ ದೇಶವನ್ನು ಸುತ್ತಿಬಂದವರಿಗೆ ‘ಇದು ನಮ್ಮದು, ಮುಟ್ಟಬೇಡ, ಕೂಲಿ ಬೇಡ, ಆಚೆ ಸರಿ’ ಎಂಬಿಷ್ಟೇ ಮಾತು ಬೇಕಾಯಿತೇ ಎಂದು ನನಗನ್ನಿಸಿದ್ದು ನಿಜ. ಆದರೆ ಹೊಸ ಸೊಸೆ, ಕೇಳುವ ಹಾಗಿರಲಿಲ್ಲ.

ಹೊರಡುವುದು ಯಾವಾಗ ಎಂಬುದು ಬೇಗ ಬಗೆಹರಿಯಲಿಲ್ಲ. ನನ್ನ ಗಂಡನಿಗೆ ರಜೆ ಇರುವುದು ಬೇಸಗೆಯಲ್ಲಿ. ಬೇಸಗೆಯಲ್ಲಿ ಆಗ್ರಾ ಬಾಣಲೆಯಂತೆ ಕಾಯುತ್ತದೆ ಎಂದು ಅವರೇ ಪುಸ್ತಕ ನೋಡಿ ಹೇಳಿದರು. ಉಳಿದದ್ದು ದಸರಾ ರಜೆ. “ಊರೂರಿಂದ ಜನ ದಸರಾ ನೋಡಕ್ಕೆ ಮೈಸೂರಿಗೆ ಬತ್ತಾರೆ. ನಾವು ಅವತ್ತೇ ಮೈಸೂರು ದಾಟಿ ಆಚೆ ಓಗದಾ? ಎದುರಿಗೆ ಸಿಕ್ಕಿದೋರು ಏನಂದಾರು?” ಎಂದು ಅತ್ತೆ ಕೇಳಿದರು. ಆದರೂ ದಸರಾ ಎಂದೇ ಗೊತ್ತಾಯಿತು.

ಅಲ್ಲಿಂದ ಮುಂದೆ ಸಾಮಾನಿನ ಕಾಲ. ರಾಗಿ ಹಿಟ್ಟಿಲ್ಲದ ಊರಿನಲ್ಲಿ ಮನುಷ್ಯ ಬದುಕುವುದು ಹೇಗೆ ಎಂಬುದು ಅತ್ತೆಯ ಚಿಂತೆ. ಮೂರು ಹೊತ್ತೂ ಗೋಧಿ ರೊಟ್ಟಿ ತಿನ್ನುವವರು ಹೊಲದಲ್ಲಿ ಹೇಗೆ ಗೆಯ್ಯುತ್ತಾರೋ ಎಂದು ಅವರು ಮರುಗುತ್ತಿದ್ದರು. ಹಿಟ್ಟಿನ ಡಬ್ಬ ಬಂತು, ಹಿಟ್ಟಿದ್ದ ಮೇಲೆ ತಿರುವಲು ಕೋಲು ಬಂತು, ಕೋಲಿದ್ದ ಮೇಲೆ ಪಾತ್ರೆ, ಪಾತ್ರೆ ಇದ್ದ ಮೇಲೆ ಸ್ಟವ್, ಸೀಮೆಎಣ್ಣೆ. ಲಿಂಗಪೂಜೆಗೆ ಕಂಡ ಕಂಡ ನೀರು ಆಗದೆಂದು ಮುಚ್ಚಳ ಬಿಗಿದ ತಾಮ್ರದ ಕೊಡ. ಉಪ್ಪಿನಕಾಯಿಯ ಜಾಡಿ, ನಿಪ್ಪಟ್ಟಿನ ಡಬ್ಬ. ಇವೆಲ್ಲದರ ಮೇಲೆ ಮಾವನವರ ಟ್ರಂಕು, ಹಾಸಿಗೆ ತುಂಬಿದ ಹೋಲ್ಡಾಲು. ನಡುಮನೆಯಲ್ಲಿ ಎಲ್ಲವನ್ನೂ ಒಟ್ಟಿದ ದಿನ ನಾವು ಒಬ್ಬರ ಮುಖ ಒಬ್ಬರಿಗೆ ಕಾಣದೆ ಕುಳಿತು ಕಾಫಿ ಕುಡಿದೆವು.

ಅಷ್ಟನ್ನೂ ಹೊತ್ತು ಹೋಗಲಾದೀತೇ ಎಂದು ನನ್ನ ಗಂಡ ಮೆಲ್ಲಗೆ ಕೇಳಿದರು. ಮಾವನವರು ಯೋಚಿಸಿ, “ನಾಟ್ಕ ಆಡಕ್ಕೆ ಮುಂಚೆ ಪ್ರಾಕ್ಟೀಸ್ ಮಾಡಲ್ವಾ? ನಾವೂ ಒಂದು ಪ್ರಾಕ್ಟೀಸ್ ಮಾಡನ,” ಎಂದರು. ಜಾಗವನ್ನೂ ಅವರೇ ಆರಿಸಿದರು, ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಅಲ್ಲಿ ಯಾವಾಗಲೂ ಮಂಜು, ಚಳಿ. ದಿಲ್ಲಿಯ ಚಳಿಗೆಂದು ತಂದ ಉಲ್ಲನ್ ಕೋಟನ್ನು ಹಾಕಿ ನೋಡಬಹುದು, ಸಾಮಾನು ಹೊತ್ತು ನೋಡಬಹುದು, ದಾರಿಯಲ್ಲಿ ಗುಂಡ್ಲುಪೇಟೆ ಭಾವನ ಮನೆಯಲ್ಲಿ ತಂಗಬಹುದು. ಗೋಪಾಲಸ್ವಾಮಿ ನಮ್ಮ ಮನೆದೇವರಲ್ಲವಲ್ಲ ಎಂದು ಅತ್ತೆ ನೆನಪಿಸಿದರು. “ನಾವು ಓಗದು ಚಳಿಗೆ ಕಣೆ,” ಎಂದರು ಮಾವನವರು.

ಶ್ರಾವಣದ ಒಂದು ಬೆಳಿಗ್ಗೆ ಚಾಮರಾಜನಗರದ ಬಸ್ಸಿನ ಮೇಲೆ ನಮ್ಮ ಸಾಮಾನು ಏರಿತು. ಕಂಡಕ್ಟರ್ ಅದನ್ನು ನೋಡುತ್ತಾ ನಿಂತು, “ಟ್ರಾನ್ಸ್‌ಫರ್ ಆಯ್ತಾ ಮೇಷ್ಟ್ರೇ?” ಎಂದು ನನ್ನ ಗಂಡನನ್ನು ಕೇಳಿದ. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಟೀ ಅಂಗಡಿಯ ಮುಂದಿದ್ದ ಒಬ್ಬ, ಮೇಲಿನ ಟ್ರಂಕನ್ನೂ ಕಿಟಕಿಯಲ್ಲಿ ಉಲ್ಲನ್ ಟೋಪಿ ಹಾಕಿ ಕುಳಿತ ಮಾವನವರನ್ನೂ ನೋಡಿ, “ಯಾವೂರಲ್ಲಿ ನಾಟ್ಕ?” ಎಂದ. ಅತ್ತೆ ಸೆರಗನ್ನು ಬಿಗಿಯಾಗಿ ಹೊದ್ದು, ಗುಂಡ್ಲುಪೇಟೆ ಬರುವವರೆಗೂ ಕಿಟಕಿಗೆ ಬೆನ್ನು ಮಾಡಿ ಕುಳಿತರು.

ಅಂದು ಗುಂಡ್ಲುಪೇಟೆಯಲ್ಲಿ ಉಳಿದು, ಮರುದಿನ ಅಲ್ಲಿನ ಮಾವ ಗೊತ್ತು ಮಾಡಿದ್ದ ಎತ್ತಿನ ಗಾಡಿಯಲ್ಲಿ ಹಂಗಳದ ಮೇಲೆ ಬೆಟ್ಟದ ಬುಡಕ್ಕೆ ಹೋದೆವು. ಆನೆ ಓಡಾಡುವ ಕಾಡು, ಬಿಸಿಲಿರುವಾಗಲೇ ಇಳಿದುಬಿಡಿ ಎಂದು ಗಾಡಿಯವನು ಎಚ್ಚರಿಸಿದ. ಮೇಲೆ ಬೆಟ್ಟದ ತಲೆ ಮಂಜಿನಲ್ಲಿತ್ತು, ಕೆಳಗೆ ಸುಡುವ ಬಿಸಿಲು. ಕೋಟಿನೊಳಗೆ ಮಾವನವರು ಬೆವರುತ್ತಿದ್ದರು, ಬಿಚ್ಚಲು ಮಾತ್ರ ಒಪ್ಪಲಿಲ್ಲ. ನಮಗೆಲ್ಲ ಅವರು ಉತ್ತರ ದೇಶಕ್ಕೆಂದು ಕ್ಯಾನ್ವಾಸ್ ಬೂಟು ಕೊಡಿಸಿದ್ದರು. ನನ್ನ ಬೂಟು ಹಿಮ್ಮಡಿ ಕಚ್ಚಿ ಗಾಡಿ ಇಳಿಯುವಷ್ಟರಲ್ಲೇ ಬೊಬ್ಬೆ ಎದ್ದಿತ್ತು.

ಇಳಿದ ಕೂಡಲೇ ಒಂದು ವಿಚಿತ್ರ ನಡೆಯಿತು. ಯಾರೂ ಹೇಳದೆಯೇ ಗುಂಡ್ಲುಪೇಟೆ ಮಾವ ಒಂದು ಮರದಡಿ ಕಂಬಳಿ ಹಾಸಿದರು. ಟ್ರಂಕನ್ನು ಬೆನ್ನಿಗೆ ಒತ್ತಿಟ್ಟರು, ಡಬ್ಬಗಳನ್ನು ಬಲಕ್ಕೆ, ಕೊಡವನ್ನು ನೆರಳಿಗೆ. ನಡುವೆ ತಾವು ಕುಳಿತು ಹೋಲ್ಡಾಲಿನ ಪಟ್ಟಿಯೊಳಗೆ ಒಂದು ಕೈ ತೂರಿಸಿದರು. ಕಣ್ಣು ಮಿಟುಕಿಸುವುದರೊಳಗೆ ಆಯಿತು. ಆಮೇಲೆ ತಲೆಯೆತ್ತಿ, “ನೀವೋಗಿ ಬನ್ನಿ, ಸಾಮಾನ ನಾ ನೋಡ್ಕತಿನಿ,” ಎಂದರು.

ಹೊತ್ತು ಹತ್ತಬೇಕೆಂದೇ ಬಂದಿದ್ದರೂ, ಆ ಏರನ್ನು ಕಣ್ಣಾರೆ ಕಂಡಿದ್ದ ಮಾವನವರು ಕೂಡಲೇ ಒಪ್ಪಿಕೊಂಡರು. ಕಾಲು ನೋವಿನಿಂದ ನಾನೂ ಉಳಿದೆ. ಉಳಿದ ಮೂವರು ಕೈ ಬೀಸಿಕೊಂಡು ಹತ್ತಿ ಹೋದರು.

ನಾನು ಬೂಟು ಬಿಚ್ಚಿ ಕುಳಿತೆ. ಮರದ ಮೇಲಿನಿಂದ ಕೋತಿಗಳ ಹಿಂಡು ಇಳಿಯಿತು. ಅವಕ್ಕೆ ನಿಪ್ಪಟ್ಟಿನ ವಾಸನೆ ಹತ್ತಿತ್ತು. ದೊಡ್ಡದೊಂದು ಗಡವ ಡಬ್ಬಕ್ಕೆ ಕೈ ಹಾಕಿತು. ಗುಂಡ್ಲುಪೇಟೆ ಮಾವ ದಡಕ್ಕನೆ ಎದ್ದು ಎರಡೂ ಕೈ ಅಗಲಿಸಿ, “ಹಟೋ! ಹಾಥ್ ಮತ್ ಲಗಾವ್! ಯೇ ಹಮಾರಾ ಹೈ!” ಎಂದು ಕೂಗಿದರು.

ಗುಂಡ್ಲುಪೇಟೆ ಕಾಡಿನ ಕೋತಿ. ಹಿಂದಿ ಕೇಳಿದ್ದು ಅದೇ ಮೊದಲಿರಬೇಕು. ಕೈಯನ್ನು ಹಿಂದಕ್ಕೆಳೆದುಕೊಂಡು ಅವರನ್ನೇ ನೋಡುತ್ತಾ ನಿಂತಿತು. ನನಗೆ ನಗು ತಡೆಯಲಾಗಲಿಲ್ಲ. ಕೋತಿ ಮರವೇರಿದ ಮೇಲೆ ಅವರೂ ನಕ್ಕು ಕುಳಿತು ಮತ್ತೆ ಪಟ್ಟಿಯೊಳಗೆ ಕೈ ತೂರಿಸಿದರು. ಆ ಕೈಯನ್ನು ನೋಡುತ್ತಿದ್ದಂತೆ ನನಗೆ ಎಲ್ಲವೂ ಥಟ್ಟನೆ ಹೊಳೆಯಿತು. ನಲ್ಲಿ, ಬೆಂಚು, ಕೂಲಿಯವರು. ತಾಜಮಹಲಿನೊಳಗಿನ ನದಿ.

“ಮಾವ, ನೀವು ಆಗ್ರಾದಲ್ಲಿ ಸ್ಟೇಷನ್ ಬಿಟ್ಟು ಹೊರಗೆ ಹೋಗಿದ್ರಾ?”

ಅವರು ಬೆಟ್ಟದ ಕಡೆ ನೋಡಿದರು. ನಮ್ಮವರು ಕಣ್ಮರೆಯಾಗಿದ್ದರು.

“ಇಲ್ಲ ಕಣ್ ಕೂಸೇ.”

“ದಿಲ್ಲಿಲಿ?”

“ಯಾವೂರಲ್ಲೂ ಇಲ್ಲ.”

ನಡೆದದ್ದು ಇಷ್ಟು. ಹೋಗುವಾಗ ಮೊದಲ ದೊಡ್ಡ ಸ್ಟೇಷನ್ನಿನಲ್ಲೇ ಅವರ ಗುಂಪಿನ ಒಂದು ಗಂಟನ್ನು ಯಾರೋ ಹೊತ್ತೊಯ್ದರು. ಎಲ್ಲರೂ ಗಾಬರಿ. ಸಾಮಾನು ಬಿಟ್ಟು ಹೊರಗೆ ಹೋಗಲು ಯಾರಿಗೂ ಧೈರ್ಯವಿಲ್ಲ. ಆಗ ಇವರು, ಇದೊಂದು ಸಲ ನಾನಿರುತ್ತೇನೆ ಎಂದರು. ಮುಂದಿನ ಊರಿನಲ್ಲಿ ಇಳಿದಾಗ ಎಲ್ಲರೂ ತಾವಾಗಿಯೇ ಸಾಮಾನನ್ನು ಇವರ ಸುತ್ತ ಒಟ್ಟಿ ಹೊರಟರು.

“ನಾನೂ ಬತ್ತಿನಿ ಅನ್ನಕ್ಕೆ ಬಾಯೇ ಬರ್ನಿಲ್ಲ ಕಣವ್ವ. ಸಾಯಂಕಾಲ ಬಂದು ಎಲ್ಲಾನೂವೆ ಹೇಳೋರು. ಒಬ್ರು ಬೆಳ್ಳಗದೆ ಅನ್ನೋರು, ಒಬ್ರು ಹಳದಿ ಅನ್ನೋರು. ನಾನು ಚೆಂದಾಗಿ ಕೇಳ್ಕತಿದ್ದಿ. ಊರ್ಗೆ ಬಂದ್ಮೇಲೆ ಜನ ನನ್ನೇ ಕೇಳುದ್ರು, ಹೇಳ್ದಿ. ಸುಳ್ಳೇನೂ ಹೇಳಿಲ್ಲ, ಕೇಳಿದ್ದೇ ಹೇಳಿದ್ದು. ನಿಮ್ಮತ್ತೆ ಇದ್ದಾಗ ಅವಳಿಗೊಬ್ಬಳಿಗೆ ನಿಜ ಹೇಳಿದ್ದಿ.”

ತೀರಿಕೊಂಡ ತಮ್ಮ ಹೆಂಡತಿಯ ಮಾತು ಅದು. ಆಕೆ ಏನೆಂದರು ಎಂದು ಕೇಳಿದೆ.

“ನಕ್ಬುಟ್ಲು. ಇನ್ನೊಂದ್ಸಲ ಇಬ್ರೂ ಓಗನ, ಸಾಮಾನೇ ತಕಂಡೋಗದು ಬ್ಯಾಡ ಅಂದ್ಲು.” ಹೋಲ್ಡಾಲಿನ ಪಟ್ಟಿಯನ್ನು ಬಿಗಿದು, “ನೀ ಯಾರ್ಗೂ ಹೇಳ್ಬೇಡ ಕಣಮ್ಮಿ,” ಎಂದರು. ಹೇಳುವುದಿಲ್ಲ ಎಂದೆ.

ಮೇಲಿನಿಂದ ಇಳಿದು ಬಂದ ಮಾವನವರ ಸಂಭ್ರಮ ನೋಡಬೇಕಿತ್ತು. ಮೇಲೆ ಮಂಜು ಎಷ್ಟಿತ್ತೆಂದರೆ ಗುಡಿ ಹತ್ತಿರ ಹೋಗುವವರೆಗೂ ಕಾಣಲಿಲ್ಲವಂತೆ. ಕೋಟು ಬೆಚ್ಚಗೆ ಕಾಪಾಡಿತ್ತು. ಅತ್ತೆಯಂತೂ, ಕೈ ಬೀಸಿಕೊಂಡು ಹತ್ತಿದ್ದಕ್ಕೆ ಮಂಡಿ ನೋವೇ ಬರಲಿಲ್ಲವೆಂದು ಬೆರಗಾಗಿದ್ದರು. ಪ್ರಾಕ್ಟೀಸ್ ಪಾಸಾಯಿತು ಎಂದು ಮಾವನವರು ಸಾರಿದರು. ಗಾಡಿಯಲ್ಲಿ ಕುಳಿತ ಮೇಲೆ, “ಭಾವ, ನೀವೂ ನಮ್ಜೊತೆ ದಿಲ್ಲಿಗೆ ಬರ್ಬೇಕು. ಸಾಮಾನು ನೋಡ್ಕಳಕ್ಕೆ ನಿಮ್ಮಂತೋರು ಸಿಕ್ಕಲ್ಲ. ಹೆಂಗೂ ನೀವೆಲ್ಲ ನೋಡಿದ್ದೀರಿ,” ಎಂದರು.

ಗುಂಡ್ಲುಪೇಟೆ ಮಾವ ಗಾಡಿಯ ಚಕ್ರವನ್ನು ನೋಡುತ್ತಾ, “ಅದ್ಕೇನಂತೆ, ಬತ್ತಿನಿ,” ಎಂದರು.

ಊರಿಗೆ ಬಂದ ಮೇಲೆ ನಾನು ಸಾಮಾನಿನ ಮೇಲೆ ಯುದ್ಧ ಹೂಡಿದೆ. ಸ್ಟವ್ ಬೇಡವೆಂದೆ, ಬೆಂಕಿಯ ಭಯ ಎಂದೆ. ಕೊಡ ಬೇಡ, ರೈಲಿನಲ್ಲಿ ಚೆಲ್ಲುತ್ತದೆ ಎಂದೆ. ನನ್ನ ಗಂಡ ನನ್ನನ್ನು ಆಶ್ಚರ್ಯದಿಂದ ನೋಡಿದರೇ ಹೊರತು ಸಹಾಯಕ್ಕೆ ಬರಲಿಲ್ಲ. ಮಾವನವರು, “ಸಾಮಾನ್ಗೆ ಭಾವ ಅವ್ರಲ್ಲ,” ಎಂದು ಇನ್ನೊಂದು ಹೋಲ್ಡಾಲಿಗೆ ಹೇಳಿಕಳಿಸಿದರು. ಸೋತು ಅಡುಗೆಮನೆಗೆ ಬಂದು ಕುಳಿತೆ. ಅತ್ತೆ ಹುರುಳಿಕಾಳು ಆರಿಸುತ್ತಿದ್ದರು.

“ಅವ್ರು ಏನನ್ನೂ ನೋಡಿಲ್ಲ ಅಂತ ನಿಂಗೂ ಗೊತ್ತಾಯ್ತು ಅನ್ನು,” ಎಂದರು, ಮೊರದಿಂದ ತಲೆಯೆತ್ತದೆ.

ನಾನೂ ಮೊರಕ್ಕೆ ಕೈ ಹಾಕಿ ಕಾಳು ಆರಿಸತೊಡಗಿದೆ. ಕೊಟ್ಟ ಮಾತಿತ್ತು.

“ನೀನು ಹೇಳ್ಬೇಡ ಬುಡು. ಗುಡಿ ಗೋಪುರ ನೋಡಿದೋರು ಯಾರಾದ್ರೂ ಅಷ್ಟೊಂದು ನಲ್ಲಿ ಮಾತಾಡಾರಾ? ನನ್ ಅತ್ತಿಗೆ ಬದುಕಿದ್ದಾಗ್ಲೇ ನಂಗೆ ಅನುಮಾನ.” ಒಂದು ಕಲ್ಲು ಆರಿಸಿ ಎಸೆದರು. “ಬೆಟ್ಟದ ಮೇಲೆ ಮಂಜಲ್ಲಿ ನಿಂತಿದ್ದಾಗ ನಂಗೆ ಅದೇ ಯೋಚ್ನೆ. ಆ ವಯ್ಯ ಕೆಳಗೆ ಕುಂತವ್ರಲ್ಲಾ ಅಂತ.”

ಅವತ್ತು ಸಂಜೆ ಅತ್ತೆ ನಡುಮನೆಗೆ ಬಂದು, ಯಾರಿಗೂ ಏನೂ ಹೇಳದೆ ಹಿಟ್ಟಿನ ಡಬ್ಬವನ್ನು ಎತ್ತಿಕೊಂಡು ಒಳಗೆ ಹೋದರು. ಆಮೇಲೆ ಕೋಲು, ಸ್ಟವ್, ಜಾಡಿ. ಕೊಡವನ್ನು ಬಚ್ಚಲಿಗೆ ಸಾಗಿಸಿದರು. ಮಾವನವರು ಕುರ್ಚಿಯಿಂದ ಎದ್ದು ನಿಂತರು.

“ಹಿಟ್ಟಿಲ್ದೆ ಏನ್ ತಿನ್ನದು?”

“ಅಲ್ಲಿ ಜನ ಏನ್ ತಿಂದಾರೋ ಅದ. ಅವ್ರೇನ್ ಸತ್ತೋಗವ್ರಾ?”

ಈ ಮಾತು ಅತ್ತೆಯ ಬಾಯಲ್ಲಿ ಬಂದದ್ದಕ್ಕೆ ಮಾವನವರು ಮತ್ತೆ ಕುಳಿತರು. ಟ್ರಂಕನ್ನೂ ಬಿಟ್ಟರೆ ಒಬ್ಬೊಬ್ಬರಿಗೆ ಹೆಗಲಿಗೊಂದು ಚೀಲ ಸಾಕೆಂದು ಲೆಕ್ಕವಾಯಿತು. ನಾನು ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಮಾವನವರು ಮಗನನ್ನು ಕರೆದು, “ಭಾವಂಗೆ ಒಂದು ಕಾರ್ಡ್ ಬರ್ದಾಕು. ಸಾಮಾನೇ ಇಲ್ಲ ಅಂದ್ಮೇಲೆ ಅವ್ರಿಗ್ಯಾಕೆ ತೊಂದ್ರೆ? ಪಾಪ, ನೋಡಿರೋದ್ನೇ ಎಷ್ಟು ಸಲ ನೋಡಾರು,” ಎಂದರು.

ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಇದನ್ನು ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ. ನನ್ನ ಗಂಡ ಲೇಖನಿಗೆ ಶಾಯಿ ತುಂಬಿಸುತ್ತಿದ್ದರು.

ಅತ್ತೆ ಬೇಗ ಚೇತರಿಸಿಕೊಂಡರು. “ಕೋಟೆ ಯಾವ ಕಡೆ ಅದೆ ಅಂತ ಅಲ್ಲಿ ನಿಮ್ಗೆ ಯಾರು ತೋರ್ಸಾರು? ನೋಡಿರೋರು ಒಬ್ರು ಬ್ಯಾಡ್ವಾ?”

ಅದು ಮಾವನವರಿಗೆ ಸರಿಯೆನಿಸಿತು. ಕಾರ್ಡು ಬೇರೆ ರೀತಿಯಲ್ಲಿ ಹೋಯಿತು: ಭಾವ ದಾರಿ ತೋರಿಸಲು ಬರಬೇಕು, ಎಲ್ಲ ಜಾಗಗಳ ವಿವರ ಸ್ಥಳದಲ್ಲೇ ಹೇಳಬೇಕು.

ಅದು ತಲುಪಿದ್ದೇ ತಡ, ಗುಂಡ್ಲುಪೇಟೆ ಮಾವ ಮೊದಲ ಬಸ್ಸಿಗೇ ಬಂದರು. ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತಿದ್ದ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, “ಸಾಮಾನಾದ್ರೆ ನೋಡ್ಕತಿದ್ದಿ. ಇದ ಹೆಂಗೆ ಮಾಡ್ಲಿ ಕೂಸೇ?” ಎಂದರು.

ಗಂಡನ ಚರಿತ್ರೆ ಪುಸ್ತಕ ತಂದು ನಾನು ಅವರಿಗೆ ಪಾಠ ಹೇಳತೊಡಗಿದೆ. ಅದರಿಂದ ಪ್ರಯೋಜನವಾಗಲಿಲ್ಲ. ಅವರ ಬಾಯಲ್ಲಿ ಬಾದಶಹರ ಮಗ ಅಪ್ಪನಾಗುತ್ತಿದ್ದ, ಅಪ್ಪ ಮಗನ ಕೈಯಲ್ಲಿ ಸಾಯುತ್ತಿದ್ದ, ಕುತುಬ್ ಮಿನಾರ್ ಆಗ್ರಾಕ್ಕೆ ಹೋಗಿಬಿಡುತ್ತಿತ್ತು. ಕೊನೆಗೆ ನಾನೇ ಒಂದು ಉಪಾಯ ಹೇಳಿಕೊಟ್ಟೆ. ಯಾರು ಏನು ಕೇಳಿದರೂ, “ನಾ ಬಂದಾಗ ಹಿಂಗಿರ್ನಿಲ್ಲ” ಎಂದುಬಿಡಿ, ಸಾಕು. ಅವರು ಅದನ್ನು ಒಂದೆರಡು ಸಲ ಹೇಳಿ ನೋಡಿದರು. ಮುಖ ಸ್ವಲ್ಪ ತಿಳಿಯಾಯಿತು.

ದಸರೆಯ ಜನ ಮೈಸೂರಿನ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದಾಗ ನಾವು ಹೆಗಲಿಗೆ ಚೀಲ ಹಾಕಿಕೊಂಡು ಅವರ ನಡುವೆ ನುಗ್ಗಿ ಹತ್ತಿದೆವು. ದಿನಗಟ್ಟಲೆ ಕುಳಿತು ದಿಲ್ಲಿ ಸೇರಿದೆವು. ಕೆಂಪು ಕೋಟೆಯ ಮುಂದೆ ಮಾವನವರು ಅಂಗೈಯಿಂದ ಗೋಡೆಯನ್ನು ಒಮ್ಮೆ ತಟ್ಟಿ, ಸುತ್ತ ಒಂದು ಸುತ್ತು ಹೊರಟೇಬಿಟ್ಟರು. ಕಾವಲಿನವನು ತಡೆದು ಹಿಂದಕ್ಕೆ ಕಳಿಸಿದ. ನಾನು ಹಿಂದಿಯಲ್ಲಿ ಎಷ್ಟು ಬೇಡಿಕೊಂಡರೂ ಅವನು ಒಪ್ಪಲಿಲ್ಲ. ನನ್ನ ಎರಡು ಪರೀಕ್ಷೆಗಳ ಹಿಂದಿ ಅವನಿಗೆ ಅರ್ಥವಾಯಿತೋ ಇಲ್ಲವೋ.

“ಏನ್ ಭಾವ, ನೀವು ಬಂದಾಗ್ಲೂ ಸುತ್ತಕ್ಕೆ ಬುಡ್ತಿರ್ನಿಲ್ವಾ?”

“ನಾ ಬಂದಾಗ ಹಿಂಗಿರ್ನಿಲ್ಲ ಕಣಪ್ಪ.”

ಅಲ್ಲಿ ನಡೆಯಿತು. ಇನ್ನೂ ಒಂದೆರಡು ಕಡೆ ನಡೆಯಿತು. ಧೈರ್ಯ ಬಂದು ಗುಂಡ್ಲುಪೇಟೆ ಮಾವ ಯಾರೂ ಕೇಳದೆಯೂ ಹೇಳತೊಡಗಿದರು. ಕುತುಬ್ ಮಿನಾರಿನ ಬುಡದಲ್ಲಿ ನಿಂತು ಕತ್ತು ಹಿಂದಕ್ಕೆ ಬಾಗಿಸಿ, ನಿಜವಾಗಿಯೂ ಮೈಮರೆತು, “ನಾ ಬಂದಾಗ ಇಷ್ಟು ಎತ್ತರ ಇರ್ನಿಲ್ಲ,” ಎಂದುಬಿಟ್ಟರು.

ಮಾವನವರು ಮಿನಾರನ್ನು ನೋಡಿದರು. ಭಾವನನ್ನು ನೋಡಿದರು. ನನ್ನ ಮುಖವನ್ನೂ ಅತ್ತೆಯ ಮುಖವನ್ನೂ ನೋಡಿದರು. ಅತ್ತೆ ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದರು.  ಅಂದು ಉಳಿದ ಹೊತ್ತೆಲ್ಲ ಮಾವನವರು ಭಾವನನ್ನು ಏನನ್ನೂ ಕೇಳಲಿಲ್ಲ.

ಆಗ್ರಾದಲ್ಲಿ ತಾಜಮಹಲಿನ ದೊಡ್ಡ ಬಾಗಿಲ ಹತ್ತಿರ ಬಂದಾಗ ಮಾವನವರು ಥಟ್ಟನೆ ಒಂದು ಕಟ್ಟೆಯ ಮೇಲೆ ಕುಳಿತರು. “ನನ್ ಬೂಟು ಕಚ್ತಾ ಅದೆ. ಎಲ್ರ ಚೀಲಾನೂ ಇಲ್ಲೇ ಬುಡಿ, ನಾ ನೋಡ್ಕತಿನಿ. ಭಾವ, ನೀವು ಮೊದ್ಲು ಓಗಿ.” ನಾವು ಹಿಂದೆ ಹೊರಟಾಗ ಅವರು ನಮ್ಮನ್ನು ಕಣ್ಣಲ್ಲೇ ತಡೆದರು. “ಅವ್ರೊಬ್ರೇ ಓಗ್ಲಿ.”

ಗುಂಡ್ಲುಪೇಟೆ ಮಾವ ಬಾಗಿಲ ಕತ್ತಲೆಯೊಳಗೆ ಹೋಗಿ ಆಚೆಯ ಬೆಳಕಿನಲ್ಲಿ ನಿಂತದ್ದು ಕಂಡಿತು. ಎಷ್ಟೋ ಹೊತ್ತು ಅಲ್ಲೇ ನಿಂತಿದ್ದರು. ಹಿಂದಿನಿಂದ ಬಂದ ಜನ ಅವರನ್ನು ಬಳಸಿಕೊಂಡು ಹೋದರು. ಆಮೇಲೆ ಮೆಲ್ಲಗೆ ಮುಂದೆ ನಡೆದರು. ನಾವು ಕಾದೆವು. ತಂದಿದ್ದ ಕಡಲೆಪುರಿಯೆಲ್ಲ ಮುಗಿಯಿತು. ಅತ್ತೆ ಕುಳಿತಲ್ಲೇ ತೂಕಡಿಸಿ ಎಚ್ಚರಗೊಂಡರು. ಗುಂಡ್ಲುಪೇಟೆ ಮಾವ ಬಂದಾಗ ಅವರ ಕೈಯಲ್ಲಿ ಚಪ್ಪಲಿ ಹಾಗೇ ಇತ್ತು, ಮೆಟ್ಟಿಕೊಳ್ಳಲು ಮರೆತಿದ್ದರು.

“ಹೆಂಗದೆ ಭಾವ?” ಎಂದರು ಮಾವನವರು.

“ಕಲ್ಲು ತಣ್ಣಗದೆ ಕಣಪ್ಪ,” ಎಂದು ಮಾವ ಅವರ ಪಕ್ಕದಲ್ಲಿ ಕುಳಿತರು. “ನದಿ ಹಿಂದ್ಗಡೆ ಅದೆ.”

ಮಾವನವರು ಎದ್ದು ಬೂಟಿನ ದಾರವನ್ನು ಬಿಗಿದು ನಮ್ಮನ್ನು ಕರೆದುಕೊಂಡು ಒಳಗೆ ಹೊರಟರು. ಅವರು ಕುಂಟುತ್ತಿರಲಿಲ್ಲ. ಗುಂಡ್ಲುಪೇಟೆ ಮಾವ ಚೀಲಗಳನ್ನೆಲ್ಲ ತಮ್ಮ ಹೆಗಲಿಗೇರಿಸಿ, ಇನ್ನೊಂದು ಸಲ ನೋಡುತ್ತೇನೆಂದು ನಮ್ಮ ಹಿಂದೆಯೇ ಬಂದರು.

ಅಷ್ಟು ದೂರ ಬಂದ ಮೇಲೆ ಬಿಡಬಾರದೆಂದು ಅಲ್ಲಿಂದ ಕಾಶಿಗೆ ಹೋಗುವಾಗ ಯಾವುದೋ ಹಳ್ಳಿಯ ಬಯಲಿನಲ್ಲಿ ರೈಲು ಸುಮ್ಮನೆ ನಿಂತುಬಿಟ್ಟಿತು. ಹಳಿಯ ಪಕ್ಕದಲ್ಲೇ ಒಬ್ಬ ರೈತ ಗೋಧಿ ಬಿತ್ತಲು ಹೊಲ ಉಳುತ್ತಿದ್ದ. ಅತ್ತೆ ಕಿಟಕಿಯಿಂದ ಸ್ವಲ್ಪ ಹೊತ್ತು ನೋಡಿ, ನಾವು ತಡೆಯುವಷ್ಟರಲ್ಲಿ ಇಳಿದು ಹೊಲಕ್ಕೇ ಹೋದರು. ಅವರ ಹಿಂದೆ ಮಾವನವರು, ಗುಂಡ್ಲುಪೇಟೆ ಮಾವ. ಮೂವರೂ ಬಗ್ಗಿ ಮಣ್ಣನ್ನು ಬೆರಳಲ್ಲಿ ಪುಡಿ ಮಾಡಿ ನೋಡಿದರು. ಅತ್ತೆ ರೈತನ ಹೆಂಡತಿಯ ಹತ್ತಿರ ಕೈಸನ್ನೆಯಲ್ಲಿ ಹಾಲು ಕರೆಯುವುದನ್ನು ತೋರಿಸಿ ಏನೋ ಕೇಳಿದರು, ಆಕೆಯೂ ಕೈಸನ್ನೆಯಲ್ಲೇ ಉದ್ದವಾಗಿ ಏನೋ ಹೇಳಿದಳು. ರೈಲು ಕೂಗಿತು. ನಾನೂ ನನ್ನ ಗಂಡನೂ ಬಾಗಿಲಲ್ಲಿ ನಿಂತು ಕಿರುಚಿದೆವು. ಮೂವರೂ ಹೆಂಟೆ ಎಡವುತ್ತಾ ಓಡಿಬಂದರು. ಒಬ್ಬೊಬ್ಬರನ್ನೇ ತೋಳು ಹಿಡಿದು ಎಳೆದುಕೊಂಡೆವು.

ಉಸಿರು ತಹಬಂದಿಗೆ ಬಂದ ಮೇಲೆ ಮಾವನವರು, ಆ ಎತ್ತುಗಳು ನೋಡಲು ಮಾತ್ರ ದೊಡ್ಡವು, ನಮ್ಮ ಕಪ್ಪು ಮಣ್ಣಿನಲ್ಲಿ ಅರ್ಧ ದಿನ ಗೆಯ್ಯಲಾರವು ಎಂದರು. ಗುಂಡ್ಲುಪೇಟೆ ಮಾವ ಒಪ್ಪಲಿಲ್ಲ. “ಅದೆಂಗಂದಿಯಪ್ಪ? ನಾನು ಹತ್ರದಿಂದ ನೋಡ್ದಿ. ಭುಜ ನೋಡ್ದಾ ನೀನು?” ಎಂದು ಕಾಲು ಮಡಿಸಿ ಸರಿಯಾಗಿ ಕುಳಿತರು. ಆ ವಾದ ಕಾಶಿ ಬರುವವರೆಗೂ ಮುಗಿಯಲಿಲ್ಲ.